ಫೋಟೋ ಡಿಲೀಟ್ ಆಯ್ತು, ಎಡಿಟ್ ವಾಪಸ್ ಹೋಯ್ತು, ನಾನು ಮಾಡಿದ ತಪ್ಪೇನು?

ಪ್ರಶ್ನೆ: ಸರ್ ನಮಸ್ತೆ. ಹೋದ ತಿಂಗಳು ವಿಕಿಪೀಡಿಯ ಅನ್ನೋ ಆನ್‌ಲೈನ್ ವಿಶ್ವಕೋಶಕ್ಕೆ 14 ಫೋಟೋ ಹಾಕಿದೆ. 4 ಹಕ್ಕಿಗಳದ್ದು, ಒಂದು ಹಳೇ ಸೇತುವೆದು, ಒಂದು ಪ್ರದರ್ಶನದಲ್ಲಿ ಇಟ್ಟಿದ್ದ ಆಧುನಿಕ ಶಿಲ್ಪದ್ದು. ನಮ್ಮ ದೊಡ್ಡಪ್ಪ ಲೇಖಕರು, ಅವರ ಬಗ್ಗೆ ಅಲ್ಲಿ ಪುಟ ಇದೆ ಆದ್ರೆ ಫೋಟೋ ಇರ್ಲಿಲ್ಲ, ಹಾಗಾಗಿ ಅವರ ಸ್ನೇಹಿತರು ತೆಗೆದು ವಾಟ್ಸಾಪಲ್ಲಿ ಕಳಿಸಿದ್ದ 3 ಫೋಟೋ, ಜೊತೆಗೆ ದೊಡ್ಡಪ್ಪನ 5 ಪುಸ್ತಕದ ಮುಖಪುಟ. ಹತ್ತು ದಿನದೊಳಗೆ 9 ಡಿಲೀಟ್ ಆದ್ವು. ಅದೇ ಪುಟದಲ್ಲಿ ದೊಡ್ಡಪ್ಪ ಹುಟ್ಟಿದ ವರ್ಷ ತಪ್ಪಿತ್ತು, ಸರಿ ಮಾಡಿದೆ, ಎರಡು ಗಂಟೆ ಆಗಿಲ್ಲ ಯಾರೋ ಬಂದು ಮತ್ತೆ ತಪ್ಪನ್ನೇ ಹಾಕಿ ಹೋದ್ರು. ಮನೆಯವರಿಗಿಂತ ಬೇರೆಯವರಿಗೆ ಜಾಸ್ತಿ ಗೊತ್ತಿರತ್ತಾ? ಹೊಸಬರು ಬರೋದೇ ಅವರಿಗೆ ಇಷ್ಟ ಇಲ್ವಾ? ಯಾರೂ ಏನೂ ಹೇಳಲೂ ಇಲ್ಲ.

ಉತ್ತರ: ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗ್ಬೇಡಿ, ನಿಮ್ಮ ಮೇಲಲ್ಲ, ನನ್ನ ಮೊದಲ ವರ್ಷ ನೆನಪಾಗಿ. ನಾನು ಹಾಕಿದ ಮೊದಲ ಆರು ಫೋಟೋದಲ್ಲಿ ಐದು ಹೋಗಿದ್ವು, ಎಲ್ಲಾ ಎಲ್ಲೆಲ್ಲಿಂದಲೋ ಇಳಿಸ್ಕೊಂಡಿದ್ದು, ನೆಟ್ಟಲ್ಲಿ ಸಿಕ್ಕಿದೆ ಅಂದ್ಮೇಲೆ ಫ್ರೀ ತಾನೇ ಅನ್ನೋ ಧೈರ್ಯ. ಉಳಿದಿದ್ದು ಒಂದೇ ಒಂದು, ನಾನೇ ತೆಗೆದ ಮೋಡದ ಫೋಟೋ, ಅದನ್ನ ಇವತ್ತಿನವರೆಗೂ ಒಬ್ಬರೂ ಒಂದು ಲೇಖನಕ್ಕೂ ಹಾಕ್ಕೊಂಡಿಲ್ಲ.

ನೇರವಾಗಿ ವಿಷಯಕ್ಕೆ ಬರ್ತೀನಿ. ಹೊಸಬರ ಮೇಲೆ ಕೋಪ ಅಂತ ಏನೂ ಇಲ್ಲ, ನೀವು ಯಾರು ಅಂತ ಅಲ್ಲಿ ಯಾರೂ ಅಷ್ಟಾಗಿ ಯೋಚನೆನೇ ಮಾಡಿರಲ್ಲ. ಅವರು ಕೇಳೋದು ಒಂದೇ ಪ್ರಶ್ನೆ, "ಇದು ಎಲ್ಲಿಂದ ಬಂತು?" ಫೋಟೋ ಆದ್ರೆ ತೆಗೆದವರ್ಯಾರು, ಹಕ್ಕು ಯಾರದ್ದು. ವಾಕ್ಯ ಆದ್ರೆ ಎಲ್ಲಿ ಅಚ್ಚಾಗಿದೆ, ಬೇರೆ ಯಾರಾದ್ರೂ ಹೋಗಿ ನೋಡಬಹುದಾ. ನಿಮ್ಮ 14 ಫೋಟೋ ಮತ್ತು ಒಂದು ಇಸವಿ, ಹದಿನೈದಕ್ಕೂ ಇದೇ ಪ್ರಶ್ನೆ ಹಾಕಿ ನೋಡಿ, ಯಾವುದು ಯಾಕೆ ಹೋಯ್ತು ಯಾವುದು ಯಾಕೆ ಉಳೀತು ಅಂತ ಮುಕ್ಕಾಲು ಪಾಲು ನಿಮಗೇ ಗೊತ್ತಾಗಿಬಿಡತ್ತೆ. ಉಳಿದ ಕಾಲು ಪಾಲು ಸ್ವಲ್ಪ ಕಾನೂನು, ಸ್ವಲ್ಪ ಅಲ್ಲಿನ ರೂಢಿ, ಅದನ್ನ ಒಂದೊಂದಾಗಿ ಹೇಳ್ತೀನಿ.

ಮೊದಲು ಒಂದು ಗೊಂದಲ ಬಿಡಿಸ್ಬೇಕು. ನೀವು "ಅವರು" ಅಂತಿದ್ದೀರಲ್ಲ, ಅದು ಒಂದು ಗುಂಪಲ್ಲ. ವಿಕಿಪೀಡಿಯ ಶುರುವಾಗಿದ್ದು 2001ರ ಜನವರಿ 15ಕ್ಕೆ. ಫೋಟೋ ವಿಡಿಯೋ ಎಲ್ಲಾ ಇಡೋಕೆ ಅಂತ ವಿಕಿಮೀಡಿಯ ಕಾಮನ್ಸ್ ಬೇರೆಯಾಗಿ ಶುರುವಾಗಿದ್ದು 2004ರ ಸೆಪ್ಟೆಂಬರಲ್ಲಿ, ಈಗ ಅಲ್ಲಿ 10 ಕೋಟಿಗೂ ಜಾಸ್ತಿ ಫೈಲ್ ಇವೆ. 300ಕ್ಕೂ ಹೆಚ್ಚು ಭಾಷೆಯ ವಿಕಿಪೀಡಿಯಗಳಿಗೆ ಇದೊಂದೇ ಉಗ್ರಾಣ. ಹಾಗಾಗಿ ನಿಮ್ಮ ಫೋಟೋ ಅಳಿಸಿದವರು ಕಾಮನ್ಸ್‌ನ ನಿರ್ವಾಹಕರು, ನಿಮ್ಮ ಎಡಿಟ್ ವಾಪಸ್ ಮಾಡಿದವರು ಆ ಭಾಷೆಯ ವಿಕಿಪೀಡಿಯದ ಯಾವನೋ ಒಬ್ಬ ಸಂಪಾದಕ, ಇಬ್ಬರಿಗೂ ಪರಸ್ಪರ ಪರಿಚಯನೂ ಇರಲ್ಲ. ನಿಮ್ಮ ಲಾಗಿನ್ ಮಾತ್ರ ಎರಡೂ ಕಡೆ ಒಂದೇ. ಇನ್ನು "ಯಾರೂ ಏನೂ ಹೇಳ್ಲಿಲ್ಲ" ಅಂದ್ರಲ್ಲ, ಸಾಮಾನ್ಯವಾಗಿ ಹೇಳಿರ್ತಾರೆ, ಆದ್ರೆ ಕಾಮನ್ಸ್‌ನಲ್ಲಿರೋ ನಿಮ್ಮ ಚರ್ಚೆ ಪುಟದಲ್ಲಿ, ನೀವು ವಿಕಿಪೀಡಿಯದ ಚರ್ಚೆ ಪುಟ ಮಾತ್ರ ತೆಗೆದು ನೋಡಿರ್ತೀರ. ಮೇಲೆ ಗಂಟೆ ಗುರುತು ಇರತ್ತಲ್ಲ, ಅದನ್ನ ಒತ್ತಿ, ಬೇರೆ ವಿಕಿಗಳಿಂದ ಬಂದ ಸೂಚನೆನೂ ಅಲ್ಲೇ ಇರತ್ತೆ.

ನಾನು ನಿಮ್ಮ ಅಪ್‌ಲೋಡ್ ಪಟ್ಟಿ ತೆಗೆದು ನೋಡಿದೆ, ಅದನ್ನ ಯಾರು ಬೇಕಾದ್ರೂ ನೋಡಬಹುದು. ಡಿಲೀಟ್ ಆದ ಫೋಟೋ ನಿರ್ವಾಹಕರಿಗೆ ಬಿಟ್ರೆ ಬೇರೆಯವರಿಗೆ ಕಾಣಲ್ಲ, ಆದ್ರೆ ಯಾವಾಗ ಯಾರು ಯಾಕೆ ಅಳಿಸಿದ್ರು ಅನ್ನೋ ಲಾಗ್ ಎಲ್ಲರಿಗೂ ಕಾಣತ್ತೆ.

ಹಕ್ಕಿ ನಾಲ್ಕೂ ಉಳಿದಿವೆ. ನಿಮ್ಮ ಕ್ಯಾಮೆರಾ, ನೀವೇ ಒತ್ತಿದ್ದು, ಹಕ್ಕಿಗೆ ಕಾಪಿರೈಟ್ ಇಲ್ಲ, ಮುಗೀತು. ಸೇತುವೆನೂ ಉಳಿದಿದೆ, ಕಟ್ಟಿದವರು ತೀರಿಕೊಂಡು ಎಷ್ಟೋ ಕಾಲ ಆಗಿರೋಷ್ಟು ಹಳೇದು ಅನ್ನೋ ಕಾರಣಕ್ಕೆ. ಇಲ್ಲೊಂದು ವಿಷಯ ಜನಕ್ಕೆ ಗೊತ್ತೇ ಇರಲ್ಲ: ಕಟ್ಟಡಕ್ಕೂ ಶಿಲ್ಪಕ್ಕೂ ಕಾಪಿರೈಟ್ ಇರತ್ತೆ, ಕಟ್ಟಿದ ವಾಸ್ತುಶಿಲ್ಪಿದು, ಕೆತ್ತಿದ ಕಲಾವಿದರದ್ದು. ನೀವೇ ಫೋಟೋ ತೆಗೆದ್ರೂ ಅದರೊಳಗೆ ಅವರ ಕೃತಿ ಇದೆ. ಬೀದೀಲಿ ನಿಂತು ತೆಗೆದ್ರೆ ಪರ್ವಾಗಿಲ್ಲ ಅಂತ ಕೆಲವು ದೇಶದ ಕಾನೂನು ಹೇಳತ್ತೆ, ಕೆಲವು ಹೇಳಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮುಂದಿರೋ ಗಾಜಿನ ಪಿರಮಿಡ್ 1989ರದ್ದು, ಅದರ ವಾಸ್ತುಶಿಲ್ಪಿ ಐ. ಎಂ. ಪೇ ತೀರಿಕೊಂಡಿದ್ದು 2019ರಲ್ಲಿ, ಫ್ರಾನ್ಸ್‌ನಲ್ಲಿ ಅಂಥ ರಿಯಾಯ್ತಿ ವಾಣಿಜ್ಯ ಬಳಕೆಗೆ ಇಲ್ಲ, ಹಾಗಾಗಿ ಪಿರಮಿಡ್ಡೇ ಮುಖ್ಯವಾಗಿರೋ ಫೋಟೋ ಕಾಮನ್ಸ್‌ನಲ್ಲಿ ನಿಲ್ಲಲ್ಲ, ಇಡೀ ಅಂಗಳದ ನೋಟದಲ್ಲಿ ಅದೂ ಒಂದು ಮೂಲೇಲಿ ಇದ್ರೆ ಮಾತ್ರ ನಿಲ್ಲತ್ತೆ. ಕೋಪನ್‌ಹೇಗನ್‌ನ ಪುಟ್ಟ ಮತ್ಸ್ಯಕನ್ಯೆ ಪ್ರತಿಮೆ ಇದೆಯಲ್ಲ, 1913ರಲ್ಲಿ ನಿಲ್ಲಿಸಿದ್ದು, ಇಷ್ಟು ಹಳೇದಾದ್ರೂ ಶಿಲ್ಪಿ ಎಡ್ವರ್ಡ್ ಎರಿಕ್ಸನ್ ತೀರಿಕೊಂಡಿದ್ದು 1959ರಲ್ಲಿ, ಅಲ್ಲಿಂದ 70 ವರ್ಷ ಲೆಕ್ಕ, ಅಂದ್ರೆ 2029 ಮುಗಿಯೋವರೆಗೂ ಡೆನ್ಮಾರ್ಕ್‌ನಲ್ಲಿ ಅದಕ್ಕೆ ಹಕ್ಕಿದೆ. ಕೃತಿಯ ವಯಸ್ಸು ನೋಡೋದಲ್ಲ, ಕೃತಿಕಾರರು ತೀರಿಕೊಂಡ ವರ್ಷ ನೋಡ್ಬೇಕು. ಜರ್ಮನಿಲಿ ರಸ್ತೆಯಿಂದ ಕಾಣೋದಾದ್ರೆ ಆಗತ್ತೆ, ಬ್ರಿಟನ್ ಮತ್ತು ಭಾರತದಲ್ಲಿ ಜನಕ್ಕೆ ಪ್ರವೇಶ ಇರೋ ಒಳಾಂಗಣದಲ್ಲಿರೋ ಶಿಲ್ಪಕ್ಕೂ ರಿಯಾಯ್ತಿ ಇದೆ, ಆದ್ರೆ ಅದು ಅಲ್ಲಿ ಶಾಶ್ವತವಾಗಿ ಇರ್ಬೇಕು.

ಆ "ಶಾಶ್ವತವಾಗಿ" ಅನ್ನೋ ಪದಕ್ಕೇ ನಿಮ್ಮ ಶಿಲ್ಪದ ಫೋಟೋ ಬಿದ್ದಿರೋದು. ಪ್ರದರ್ಶನಕ್ಕೆ ಅಂತ ತಂದಿಟ್ಟು ಮುಗಿದ ಮೇಲೆ ತಗೊಂಡು ಹೋಗೋ ಕೃತಿಗೆ ಈ ರಿಯಾಯ್ತಿ ಸಿಗಲ್ಲ, ಕಲಾವಿದರೇ ಅನುಮತಿ ಕೊಡ್ಬೇಕು.

ಇದಕ್ಕೆ ಅಂಟಿಕೊಂಡಿರೋ ಇನ್ನೊಂದು ವಿಚಿತ್ರ ಇದೆ, ಮುಂದೆ ಉಪಯೋಗಕ್ಕೆ ಬರತ್ತೆ ಕೇಳಿ. ಮುನ್ನೂರು ವರ್ಷ ಹಳೇ ಚಿತ್ರಕಲೆಯೊಂದನ್ನ ಇದ್ದ ಹಾಗೇ ನೇರವಾಗಿ ಯಾರೋ ಫೋಟೋ ತೆಗೆದು ಹಾಕಿದ್ರೆ, ಆ ಫೋಟೋ ತೆಗೆದವರಿಗೆ ಹೊಸ ಹಕ್ಕೇನೂ ಹುಟ್ಟಲ್ಲ ಅಂತ 1999ರಲ್ಲಿ ಅಮೆರಿಕದ ಬ್ರಿಡ್ಜ್‌ಮನ್ ಕೇಸಲ್ಲಿ ಕೋರ್ಟ್ ಹೇಳ್ತು, ಕಾಮನ್ಸ್ ಅದನ್ನೇ ಹಿಡ್ಕೊಂಡಿದೆ. ಆದ್ರೆ ಸಾವಿರ ವರ್ಷದ ಹಳೇ ವಿಗ್ರಹವನ್ನೋ ನಾಣ್ಯವನ್ನೋ ಬೇರೆಯವರು ತೆಗೆದ ಫೋಟೋ ಹಾಗಲ್ಲ. ಉಬ್ಬುತಗ್ಗು ಇರೋ ವಸ್ತುಗೆ ಬೆಳಕು ಎಲ್ಲಿಂದ ಬೀಳ್ಬೇಕು, ಯಾವ ಕೋನ ಅಂತ ಫೋಟೋಗ್ರಾಫರ್ ತೀರ್ಮಾನ ಮಾಡಿರ್ತಾರೆ, ಅದು ಅವರ ಕೃತಿ. ವಿಗ್ರಹ ಎಲ್ಲರದ್ದು, ಫೋಟೋ ಅವರದ್ದು. ನಿಮಗೆ ಬೇಕಾದ್ರೆ ನೀವೇ ಹೋಗಿ ಇನ್ನೊಂದು ತೆಗೀಬೇಕು.

ಮುಖಪುಟಗಳಿಗೆ ಬರೋಣ. ಪುಸ್ತಕ ನಿಮ್ಮ ಕಪಾಟಲ್ಲಿ ಇದೆ, ಸ್ಕ್ಯಾನ್ ಮಾಡಿದ್ದು ನೀವು, ಆದ್ರೂ ಮುಖಪುಟದ ಚಿತ್ರ ಬರೆದ ಕಲಾವಿದರದ್ದೋ ಪ್ರಕಾಶಕರದ್ದೋ ಹಕ್ಕು ಅದು, ದೊಡ್ಡಪ್ಪನದ್ದೂ ಆಗಿರ್ಬೇಕು ಅಂತಿಲ್ಲ. ಕಾಮನ್ಸ್‌ನಲ್ಲಿ "ನ್ಯಾಯಯುತ ಬಳಕೆ", ಅಂದ್ರೆ ಹಕ್ಕಿರೋದನ್ನ ಅನುಮತಿ ಇಲ್ದೆ ಮಿತಿಯಲ್ಲಿ ಬಳಸೋದು, ಅನ್ನೋ ಬಾಗಿಲೇ ಇಲ್ಲ. ಕೆಲವು ಭಾಷೆಯ ವಿಕಿಪೀಡಿಯಗಳು ತಮ್ಮಲ್ಲೇ ಲೋಕಲ್ ಆಗಿ ಚಿಕ್ಕ ಗಾತ್ರದ ಮುಖಪುಟ ಹಾಕೋಕೆ ಬಿಡ್ತಾವೆ, ಅದೂ ಆ ಪುಸ್ತಕದ ಬಗ್ಗೆನೇ ಬರೆದಿರೋ ಲೇಖನಕ್ಕೆ ಮಾತ್ರ, ಲೇಖಕರ ಪುಟದಲ್ಲಿ ಸಾಲಾಗಿ ಜೋಡಿಸೋಕಲ್ಲ. ಒಂದು ಸಣ್ಣ ಆಸೆ ಇಟ್ಕೊಳ್ಳಿ: ಐದರಲ್ಲಿ ಯಾವುದಾದ್ರೂ ಚಿತ್ರ ಗಿತ್ರ ಏನೂ ಇಲ್ದೆ ಬರೀ ಮಾಮೂಲಿ ಅಕ್ಷರದಲ್ಲಿ ಹೆಸರು ಮಾತ್ರ ಇರೋ ಮುಖಪುಟ ಆಗಿದ್ರೆ, ಅಷ್ಟಕ್ಕೆಲ್ಲ ಕಾಪಿರೈಟ್ ಹುಟ್ಟಲ್ಲ ಅಂತ ವಾದ ಮಾಡಿ ವಾಪಸ್ ಕೇಳಬಹುದು, ಎಷ್ಟೋ ಸಲ ಕೊಟ್ಟಿದ್ದಾರೆ.

ಈಗ ನಿಮಗೆ ನಿಜವಾಗ್ಲೂ ಹೊಟ್ಟೆ ಉರಿಸಿದ ವಿಷಯ, ದೊಡ್ಡಪ್ಪನ ಮೂರು ಫೋಟೋ. ನೀವು ಅಪ್‌ಲೋಡ್ ಮಾಡೋವಾಗ "ಇದು ನನ್ನ ಸ್ವಂತ ಕೃತಿ" ಅನ್ನೋ ಬಾಕ್ಸ್ ಟಿಕ್ ಮಾಡಿದ್ದೀರಿ, ಲಾಗ್‌ನಲ್ಲಿ ಅದೇ ಇದೆ. ನಿಮ್ಮ ಮನಸ್ಸಲ್ಲಿ "ನಮ್ಮ ದೊಡ್ಡಪ್ಪ, ನಮ್ಮ ಫೋನಲ್ಲಿರೋ ಫೋಟೋ, ಅಂದ್ರೆ ನಮ್ಮದು" ಅಂತ ಇತ್ತು, ಅದು ಸುಳ್ಳು ಹೇಳೋ ಉದ್ದೇಶ ಅಲ್ಲ ಅಂತ ನಂಗೊತ್ತು, ಆದ್ರೆ ಫೋಟೋದ ಹಕ್ಕು ಸಾಮಾನ್ಯವಾಗಿ ಫೋಟೋದಲ್ಲಿ ಇರೋರದ್ದೂ ಅಲ್ಲ, ಪ್ರಿಂಟ್ ಆಲ್ಬಮ್ಮಲ್ಲಿ ಇಟ್ಕೊಂಡೋರದ್ದೂ ಅಲ್ಲ, ಶಟರ್ ಒತ್ತಿದೋರದ್ದು. ದುಡ್ಡು ಕೊಟ್ಟು ತೆಗೆಸಿದ ಫೋಟೋ ಆದ್ರೆ ಕೆಲವು ದೇಶಗಳಲ್ಲಿ ತೆಗೆಸಿದೋರಿಗೆ ಹೋಗತ್ತೆ, ಅದು ಬೇರೆ ಕಥೆ, ನಿಮ್ಮದು ಸ್ನೇಹಿತರು ಪ್ರೀತಿಗೆ ತೆಗೆದಿದ್ದು, ಹಾಗಾಗಿ ಹಕ್ಕು ಆ ಸ್ನೇಹಿತರದ್ದು. ಈ "ಒತ್ತಿದೋರ್ಯಾರು" ಅನ್ನೋದು ಎಷ್ಟು ದೂರ ಹೋಗಿದೆ ಅಂದ್ರೆ, ಇಂಡೋನೇಷ್ಯಾದಲ್ಲಿ ಒಂದು ಕೋತಿ, ಡೇವಿಡ್ ಸ್ಲೇಟರ್ ಅನ್ನೋ ಬ್ರಿಟಿಷ್ ಫೋಟೋಗ್ರಾಫರ್ ಕ್ಯಾಮೆರಾದಲ್ಲಿ ತಾನೇ ಬಟನ್ ಒತ್ತಿ ಸೆಲ್ಫಿ ತಗೊಳ್ತು, ಆ ಫೋಟೋಗಳು 2011ರಲ್ಲಿ ಹೊರಗೆ ಬಂದಾಗ ಕಾಮನ್ಸ್ "ತೆಗೆದಿದ್ದು ಮನುಷ್ಯ ಅಲ್ಲ, ಹಕ್ಕು ಯಾರಿಗೂ ಇಲ್ಲ" ಅಂತ ಇಟ್ಕೊಳ್ತು, ಸ್ಲೇಟರ್ ಅಳಿಸಿ ಅಂದ್ರೂ ಅಳಿಸ್ಲಿಲ್ಲ. 2014ರಲ್ಲಿ ಅಮೆರಿಕದ ಕಾಪಿರೈಟ್ ಆಫೀಸೂ ಪ್ರಾಣಿ ಮಾಡಿದ ಕೃತಿನ ನೋಂದಾಯಿಸಲ್ಲ ಅಂತು. ಪಾಪ ಅನ್ಸತ್ತೆ, ಅಷ್ಟು ದೂರ ಹೋಗಿ ದಿನಗಟ್ಟಲೆ ಕೂತಿದ್ದು ಆ ಮನುಷ್ಯ.

ಸರಿ, ನಿಮ್ಮದು ಸ್ವಂತ ಅಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು? ಮ್ಯಾಜಿಕ್ ಏನಿಲ್ಲ. ಕ್ಯಾಮೆರಾ ತೆಗೆದ ಫೋಟೋ ಒಳಗೆ ಯಾವ ಮಾಡೆಲ್, ಯಾವಾಗ, ಯಾವ ಸೆಟ್ಟಿಂಗ್ ಅನ್ನೋ ಮಾಹಿತಿ ಕೂತಿರತ್ತೆ, ಎಕ್ಸಿಫ್ ಅಂತಾರೆ. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ್ರೆ ಅದು ಉದುರಿ ಹೋಗತ್ತೆ, ಗಾತ್ರನೂ ಕುಗ್ಗತ್ತೆ. ಫೇಸ್‌ಬುಕ್‌ನಿಂದ ಇಳಿಸಿದ ಫೋಟೋದಲ್ಲಂತೂ ಎಫ್‌ಬಿಎಂಡಿ ಅಂತ ಶುರುವಾಗೋ ಒಂದು ಗುರುತೇ ಸೇರ್ಕೊಂಡಿರತ್ತೆ, ಅದನ್ನ ನೋಡಿದ ತಕ್ಷಣ ಕಾಮನ್ಸ್‌ನವರಿಗೆ ಗೊತ್ತಾಗತ್ತೆ. ನಿಮ್ಮ ಹಕ್ಕಿ ಫೋಟೋಗಳು ಪೂರ್ತಿ ಗಾತ್ರ, ಒಂದೇ ಕ್ಯಾಮೆರಾ, ಮಾಹಿತಿ ಎಲ್ಲ ಇದೆ. ಅದೇ ಖಾತೆಯಿಂದ ಅದೇ ದಿನ ಬಂದ ದೊಡ್ಡಪ್ಪನ ಫೋಟೋ ಚಿಕ್ಕದು, ಮಾಹಿತಿ ಖಾಲಿ ಇದ್ದಿರತ್ತೆ. ಅಷ್ಟು ಸಾಕು ಅನುಮಾನಕ್ಕೆ.

ಇದನ್ನ ಸರಿ ಮಾಡೋ ದಾರಿ ಎರಡು. ಒಂದು, ತೆಗೆದ ಆ ಸ್ನೇಹಿತರೇ ಮೇಲ್ ಕಳಿಸ್ಬೇಕು. ಅನುಮತಿ ಮೇಲ್ ನೋಡೋಕೆ ಸ್ವಯಂಸೇವಕರ ತಂಡ ಇದೆ, ವಿಆರ್‌ಟಿ ಅಂತಾರೆ, ಹಳಬರ ಬಾಯಲ್ಲಿ ಇನ್ನೂ ಓಟಿಆರ್‌ಎಸ್ ಅಂತ್ಲೇ ಇದೆ. ಕಾಮನ್ಸ್‌ನಲ್ಲೇ ಮೇಲ್‌ನ ಒಕ್ಕಣೆ ರೆಡಿ ಇದೆ, ಫೈಲಿನ ಹೆಸರು, ತಾನೇ ತೆಗೆದಿದ್ದು ಅನ್ನೋ ಮಾತು, ಯಾವ ಲೈಸೆನ್ಸ್ (ಬೇರೆಯವರು ಬಳಸೋಕೆ ಕೊಡೋ ಅನುಮತಿ) ಅನ್ನೋದು ತುಂಬಿ ಕಳಿಸಿದ್ರಾಯ್ತು. ನೀವು ಅವರ ಪರವಾಗಿ ಕಳಿಸಿದ್ರೆ ನಡೆಯಲ್ಲ. "ವಿಕಿಪೀಡಿಯದಲ್ಲಿ ಮಾತ್ರ ಬಳಸ್ಕೊಳ್ಳಿ" ಅಂತ ಬರೆದ್ರೂ ನಡೆಯಲ್ಲ, ತುಂಬಾ ಜನ ಎಡವೋದು ಇಲ್ಲೇ. ಯಾರು ಬೇಕಾದ್ರೂ, ಎಲ್ಲಿ ಬೇಕಾದ್ರೂ, ಮಾರಾಟಕ್ಕೂ ಸೇರಿ ಬಳಸಬಹುದು ಅಂತ ಒಪ್ಪಿಗೆ ಇರ್ಬೇಕು. ಮೇಲ್ ಸರಿಯಾಗಿದ್ರೆ ಫೈಲಿಗೆ ಟಿಕೆಟ್ ನಂಬರ್ ಹಾಕಿ ಫೋಟೋ ವಾಪಸ್ ತರ್ತಾರೆ. ಅಳಿಸಿದ್ದು ಅಂದ್ರೆ ಸುಟ್ಟು ಹಾಕಿದ್ದಲ್ಲ, ನಿರ್ವಾಹಕರು ಮತ್ತೆ ಎತ್ತಿ ಇಡಬಹುದು. ಆದ್ರೆ ದಯವಿಟ್ಟು ಅದೇ ಫೋಟೋನ ಬೇರೆ ಹೆಸರಲ್ಲಿ ಮತ್ತೆ ಅಪ್‌ಲೋಡ್ ಮಾಡೋಕೆ ಮಾತ್ರ ಹೋಗ್ಬೇಡಿ, ಡಿಲೀಟ್ ಆಗಿದ್ದಕ್ಕಿಂತ ಹತ್ತು ಪಾಲು ಕೆಟ್ಟ ಹೆಸರು ಬರೋದು ಅದಕ್ಕೇ, ಎರಡು ಮೂರು ಸಲ ಆದ್ರೆ ಖಾತೆನೇ ಬ್ಲಾಕ್ ಆಗತ್ತೆ.

ಎರಡನೇ ದಾರಿ ನನಗೆ ಇಷ್ಟವಾದದ್ದು. ನೀವೇ ಹೋಗಿ ದೊಡ್ಡಪ್ಪನ ಫೋಟೋ ತೆಗೀರಿ. ಕಿಟಕಿ ಪಕ್ಕ ಕೂರಿಸಿ, ಬೆಳಕು ಮುಖದ ಒಂದು ಕಡೆಯಿಂದ ಬರ್ಲಿ, ಹಿಂದೆ ಗೋಡೆ ಖಾಲಿ ಇರ್ಲಿ, ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಹತ್ತು ಹದಿನೈದು ಒತ್ತಿ ಒಂದು ಆರಿಸಿ. ಸ್ನೇಹಿತರು ತೆಗೆದಷ್ಟು ಚೆನ್ನಾಗಿ ಬರ್ದೇ ಇರಬಹುದು, ಇರ್ಲಿ ಬಿಡಿ. ದೊಡ್ಡ ದೊಡ್ಡ ಹೆಸರಿನವರ ಪುಟದಲ್ಲೂ ಯಾವುದೋ ಸಭೇಲಿ ಮೈಕ್ ಮುಂದೆ ಅರ್ಧ ಬಾಯಿ ತೆರೆದಿರೋ ಫೋಟೋನೇ ಯಾಕಿರತ್ತೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಚೆಂದದ ಸ್ಟುಡಿಯೋ ಫೋಟೋಗೆ ಯಾರೂ ಹಕ್ಕು ಬಿಟ್ಟುಕೊಟ್ಟಿಲ್ಲ, ಸಭೆಗೆ ಹೋಗಿದ್ದ ಯಾರೋ ಒಬ್ಬ ಪುಣ್ಯಾತ್ಮ ಬಿಟ್ಟುಕೊಟ್ಟ. ಹಾಗಂತ ದೊಡ್ಡಪ್ಪನ ಕೈಗೆ ಫೋನ್ ಕೊಟ್ಟು ಸೆಲ್ಫಿ ತಗೊಳ್ಳಿ ಅನ್ಬೇಡಿ, ಆಗ ಹಕ್ಕು ಅವರದ್ದಾಗಿ ಮೇಲ್ ಅವರೇ ಬರೀಬೇಕಾಗತ್ತೆ!

ಲೈಸೆನ್ಸ್ ವಿಷಯ ಬಂತಲ್ಲ, ಅದನ್ನ ಕಣ್ಣು ಮುಚ್ಕೊಂಡು ಒತ್ತಬೇಡಿ. ಸ್ವಂತ ಫೋಟೋಗೆ ಮೂರು ಮುಖ್ಯ ಆಯ್ಕೆ, ಮೂರೂ ಸಿಸಿ ಅಂದ್ರೆ ಕ್ರಿಯೇಟಿವ್ ಕಾಮನ್ಸ್ ಅನ್ನೋ ಸಿದ್ಧ ಲೈಸೆನ್ಸ್‌ಗಳು. ಸಿಸಿ ಬೈ-ಎಸ್‌ಎ ಅಂದ್ರೆ ನಿಮ್ಮ ಹೆಸರು ಹಾಕ್ಬೇಕು, ಬದಲಾಯಿಸಿ ಹಂಚಿದ್ರೆ ಅದೇ ಷರತ್ತಲ್ಲಿ ಹಂಚ್ಬೇಕು. ಸಿಸಿ ಬೈ ಅಂದ್ರೆ ಹೆಸರು ಹಾಕಿದ್ರೆ ಸಾಕು. ಸಿಸಿ ಝೀರೋ ಅಂದ್ರೆ ಹೆಸರೂ ಬೇಡ, ಪೂರ್ತಿ ಬಿಟ್ಟುಕೊಟ್ಟಿದ್ದೀನಿ ಅಂತ. "ವಾಣಿಜ್ಯಕ್ಕೆ ಬಳಸಬಾರದು" ಅನ್ನೋ ಲೈಸೆನ್ಸ್ ಅಲ್ಲಿ ತಗೊಳ್ಳಲ್ಲ. ಕೊಟ್ಟ ಮೇಲೆ ವಾಪಸ್ ಇಲ್ಲ. ನಾಳೆ ಯಾರೋ ನಿಮ್ಮ ಹಕ್ಕಿ ಫೋಟೋ ಕ್ಯಾಲೆಂಡರಲ್ಲಿ ಅಚ್ಚು ಹಾಕಿ ಮಾರಿದ್ರೆ, ನಿಮ್ಮ ಹೆಸರು ಹಾಕಿದ್ರೆ ಆಯ್ತು, ದುಡ್ಡು ಕೇಳೋ ಹಾಗಿಲ್ಲ. ಅದು ಒಪ್ಪಿಗೆ ಆಗೋ ಫೋಟೋ ಮಾತ್ರ ಹಾಕಿ, ಮನಸ್ಸಿಗೆ ತೀರಾ ಹತ್ತಿರದ್ದು ನಿಮ್ಮ ಹತ್ರನೇ ಇರ್ಲಿ. ಅಪ್‌ಲೋಡ್ ಮಾಡಿ ಒಂದು ವಾರದೊಳಗೆ ಮನಸ್ಸು ಬದಲಾದ್ರೆ, ಎಲ್ಲೂ ಬಳಕೆ ಆಗಿಲ್ಲ ಅಂದ್ರೆ, ಕೇಳಿದ್ರೆ ಸಾಮಾನ್ಯವಾಗಿ ತೆಗೀತಾರೆ, ಆಮೇಲೆ ಕಷ್ಟ. ಫೋಟೋ ಮೇಲೆ ಹೆಸರಿನ ವಾಟರ್‌ಮಾರ್ಕ್ ಹೊಡೀಬೇಡಿ (ನಿಮ್ಮ ಸೇತುವೆ ಫೋಟೋ ಮೂಲೇಲಿ ಇದೆ, ಯಾರಾದ್ರೂ ಕ್ರಾಪ್ ಮಾಡೇ ಮಾಡ್ತಾರೆ), ಕರ್ತೃ ಅನ್ನೋ ಜಾಗದಲ್ಲಿ ಬರೆದ್ರೆ ಸಾಕು.

ಇನ್ನೊಂದು ನಾಲ್ಕು ಮಾತು ಅವಸರದಲ್ಲಿ ಹೇಳಿಬಿಡ್ತೀನಿ. ಫೋಟೋ ಕುಗ್ಗಿಸ್ಬೇಡಿ, ಪೂರ್ತಿ ಗಾತ್ರ ಹಾಕಿ, ಅಲ್ಲಿ ಗುಣಮಟ್ಟದ ಚಿತ್ರ ಅನ್ನೋ ಮನ್ನಣೆಗೆ ಕನಿಷ್ಠ 2 ಮೆಗಾಪಿಕ್ಸೆಲ್ ಬೇಕು. ಕೆಲವು ಫೋನು ಎಚ್‌ಇಐಸಿ ಅನ್ನೋ ಫಾರ್ಮ್ಯಾಟಲ್ಲಿ ಉಳಿಸ್ತಾವೆ, ಅದು ಹತ್ತಲ್ಲ, ಜೆಪೆಗ್‌ಗೆ ಬದಲಾಯಿಸ್ಕೊಳ್ಳಿ. ವಿಡಿಯೋ ಆದ್ರೆ ಎಂಪಿ4 ತಗೊಳ್ಳಲ್ಲ, ವೆಬ್‌ಎಂ ಮಾಡ್ಬೇಕು. ಮನೇಲಿ ತೆಗೆದ ಫೋಟೋ ಆದ್ರೆ ಜಿಪಿಎಸ್ ಜಾಗ ಒಳಗೆ ಸೇರಿರತ್ತಾ ನೋಡಿ ತೆಗೆದುಹಾಕಿ, ಇಲ್ಲಾಂದ್ರೆ ದೊಡ್ಡಪ್ಪನ ಮನೆ ಯಾವುದು ಅಂತ ಜಗತ್ತಿಗೆಲ್ಲ ನಕ್ಷೆ ಕೊಟ್ಟ ಹಾಗೆ. ಕಾಡಿನ ಹಕ್ಕಿ ಸೇತುವೆ ಇಂಥದ್ದಕ್ಕೆ ಮಾತ್ರ ಜಾಗ ಇರಲೇಬೇಕು, ಅದೇ ಅದರ ಬೆಲೆ. ಫೈಲಿಗೆ ಹೆಸರು ಇಡೋವಾಗ ಕ್ಯಾಮೆರಾ ಕೊಟ್ಟ ನಂಬರ್ ಬಿಟ್ಟು ಏನು, ಎಲ್ಲಿ ಅಂತ ಗೊತ್ತಾಗೋ ಹೆಸರು ಇಡಿ. ವರ್ಗ, ಅಂದ್ರೆ ಯಾವ ವಿಷಯದ ಗುಂಪಿಗೆ ಸೇರಿದ ಫೋಟೋ ಅನ್ನೋದು, ಹಾಕೋದು ಮರೀಬೇಡಿ, ವರ್ಗ ಇಲ್ಲದ ಫೋಟೋ 10 ಕೋಟಿ ಫೈಲಿನ ರಾಶೀಲಿ ಬಿದ್ರೆ ನಿಮಗೇ ಮತ್ತೆ ಸಿಗಲ್ಲ.

ಈಗ ಇಸವಿ ಜಗಳ. "ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಅಂತ ಕೇಳಿದ್ದೀರಿ. ಯಾರಿಗೂ ಗೊತ್ತಿಲ್ಲ, ಒಪ್ಪಿದೆ. ಆದ್ರೆ ನೀವು ಅವರ ಮನೆಯವರು ಅಂತ ನನಗೆ ಹೇಗೆ ಗೊತ್ತು? ನಾಳೆ ಇನ್ನೊಬ್ಬರು ಬಂದು ನಾನೂ ಮನೆಯವನೇ ಅಂತ ಇನ್ನೊಂದು ಇಸವಿ ಹಾಕಿದ್ರೆ ಯಾರನ್ನ ನಂಬೋದು? ಅದಕ್ಕೇ ಅಲ್ಲಿ ನಿಜ ಗೊತ್ತಿದ್ರೆ ಸಾಲಲ್ಲ, ಓದುಗ ತಾನೇ ಹೋಗಿ ಪರಿಶೀಲಿಸೋ ಹಾಗೆ ಎಲ್ಲಾದ್ರೂ ಪ್ರಕಟ ಆಗಿರ್ಬೇಕು. ಇದು ಸುಮ್ಮನೆ ಹಠ ಅಲ್ಲ. 2005ರಲ್ಲಿ ಜಾನ್ ಸೀಗೆಂಥಾಲರ್ ಅನ್ನೋ ಅಮೆರಿಕದ ಹಿರಿಯ ಪತ್ರಕರ್ತರ ಪುಟದಲ್ಲಿ ಯಾರೋ ತಮಾಷೆಗೆ, ಕೆನಡಿ ಸಹೋದರರ ಕೊಲೆಯಲ್ಲಿ ಇವರ ಮೇಲೂ ಅನುಮಾನ ಇತ್ತು ಅಂತ ಬರೆದಿದ್ರು, ನಾಲ್ಕು ತಿಂಗಳು ಅದು ಹಾಗೇ ಇತ್ತು. ಆ ಗಲಾಟೆ ಆದ್ಮೇಲೆ ಬದುಕಿರೋರ ಬಗ್ಗೆ ಬರೆಯೋದಕ್ಕೆ ನಿಯಮ ತುಂಬಾ ಬಿಗಿ ಆಯ್ತು. ನಿಮ್ಮ ಎಡಿಟ್ ವಾಪಸ್ ಮಾಡಿದ ಆಸಾಮಿ ಒಂಥರಾ ನಿಮ್ಮ ದೊಡ್ಡಪ್ಪನ ಪುಟದ ಕಾವಲು ಕಾಯ್ತಿದ್ದಾನೆ.

ಪುಟದ ಇತಿಹಾಸ ತೆಗೆದು ನೋಡಿದೆ. ಹಳೇ ಇಸವಿ ಪಕ್ಕ ಒಂದು ಉಲ್ಲೇಖ ಇತ್ತು, ನೀವು ಇಸವಿ ಬದಲಾಯಿಸಿದ್ರಿ, ಉಲ್ಲೇಖ ಹಾಗೇ ಬಿಟ್ರಿ, ಸಂಪಾದನೆಯ ಸಾರಾಂಶ (ಏನು ಬದಲಾಯಿಸಿದ್ರಿ, ಯಾಕೆ ಅಂತ ಬರೆಯೋ ಜಾಗ) ಖಾಲಿ. ನೋಡೋರಿಗೆ ಹೇಗೆ ಕಾಣತ್ತೆ ಹೇಳಿ? ಮೂಲದಲ್ಲಿ ಒಂದು ಇಸವಿ, ಪುಟದಲ್ಲಿ ಇನ್ನೊಂದು, ಹೊಸ ಖಾತೆ, ಕಾರಣ ಇಲ್ಲ. ಬೇಕಂತ ಅಂಕಿ ತಿರುಚೋ ಕಿಡಿಗೇಡಿಗಳು ಮಾಡೋದೂ ಕರಾರುವಾಕ್ಕಾಗಿ ಇದನ್ನೇ. ಆ ಸಾರಾಂಶದ ಪುಟ್ಟ ಬಾಕ್ಸಲ್ಲಿ ಒಂದು ಸಾಲು ಬರೆದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಜನ ಖಾಲಿ ಬಿಡ್ತಾರೆ, ನಾನೂ ಮೊದಲ ಎರಡು ವರ್ಷ ಬಿಟ್ಟಿದ್ದೆ.

ಈಗ ಮತ್ತೆ ಹೋಗಿ ಬದಲಾಯಿಸ್ಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯಲ್ಲಿ ಒಂದೇ ಪುಟದಲ್ಲಿ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರದ್ದನ್ನ ರದ್ದು ಮಾಡಿದ್ರೆ ಬ್ಲಾಕ್ ಮಾಡ್ತಾರೆ, ಮೂರರವರೆಗೆ ಅನುಮತಿ ಇದೆ ಅಂತ ಅರ್ಥ ಅಲ್ಲ, ಎರಡನೇದಕ್ಕೇ ಜಗಳ ಅಂತ ಲೆಕ್ಕ. ಬೇರೆ ಭಾಷೆಗಳಲ್ಲೂ ಈ ಎಳೆದಾಟ ಯಾರೂ ಸಹಿಸಲ್ಲ. ನೇರವಾಗಿ ಲೇಖನದ ಚರ್ಚೆ ಪುಟಕ್ಕೆ ಹೋಗಿ, ನಾನು ಇವರ ಸಂಬಂಧಿ ಅಂತ ಮೊದಲೇ ಹೇಳಿ, ಇಸವಿ ತಪ್ಪಿದೆ ಅಂತ ಯಾಕೆ ಅಂತೀರಿ ಅನ್ನೋದಕ್ಕೆ ಮೂಲ ಕೊಡಿ, ಕೊನೆಗೆ ನಾಲ್ಕು ಟಿಲ್ಡೆ ಚಿಹ್ನೆ (~~~~) ಹಾಕಿದ್ರೆ ಸಹಿ ತಾನಾಗೇ ಬೀಳತ್ತೆ. ಮೂಲ ಅಂದ್ರೆ ಏನು? ದೊಡ್ಡಪ್ಪನ ಯಾವುದಾದ್ರೂ ಪುಸ್ತಕದ ಲೇಖಕರ ಪರಿಚಯದಲ್ಲಿ, ಮುನ್ನುಡಿಯಲ್ಲಿ, ಪತ್ರಿಕೆ ಸಂದರ್ಶನದಲ್ಲಿ ಅವರೇ ಹುಟ್ಟಿದ ವರ್ಷ ಹೇಳಿದ್ರೆ ಆಯ್ತು, ಹುಟ್ಟಿದ ವರ್ಷದಂಥ ಸರಳ ಸಂಗತಿಗೆ ಒಬ್ಬರು ತಮ್ಮ ಬಗ್ಗೆ ತಾವೇ ಪ್ರಕಟಿಸಿದ ಮಾತು ಸಾಕು. ಜನ್ಮ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಹಾಕೋಕೆ ಹೋಗ್ಬೇಡಿ, ಅದು ಪ್ರಕಟವಾದ ಮೂಲ ಅಲ್ಲ, ಮೇಲಾಗಿ ಖಾಸಗಿ ವಿವರ ಎಲ್ಲ ಬೀದಿಗೆ ಬರತ್ತೆ. ಎರಡು ಒಳ್ಳೇ ಮೂಲ ಎರಡು ಇಸವಿ ಹೇಳಿದ್ರೆ ಎರಡನ್ನೂ ಬರೆದು ಎರಡಕ್ಕೂ ಉಲ್ಲೇಖ ಕೊಡೋ ಪದ್ಧತಿ ಇದೆ, ಅದರಲ್ಲೇನೂ ಅವಮಾನ ಇಲ್ಲ. ಒಂದು ವಾರ ಕಾದ್ರೂ ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ಸಮುದಾಯದ ಸಾಮಾನ್ಯ ಚರ್ಚೆ ಜಾಗದಲ್ಲಿ ಕೇಳಿ, ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೆ ಅರಳಿಕಟ್ಟೆ ಅಂತಾರೆ, ಹೆಸರೇ ಹೇಳೋ ಹಾಗೆ ಕೂತು ಮಾತಾಡೋ ಜಾಗ.

ನೀವು ತೋರಿಸೋ ಮೂಲ ವಿಕಿಪೀಡಿಯದಿಂದಲೇ ಕದ್ದಿದ್ದಲ್ಲ ಅಂತ ಮಾತ್ರ ಖಾತ್ರಿ ಮಾಡ್ಕೊಳ್ಳಿ. ಕೋವಾಟಿ ಅಂತ ದಕ್ಷಿಣ ಅಮೆರಿಕದ ಒಂದು ಪ್ರಾಣಿ, 2008ರಲ್ಲಿ ಒಬ್ಬ ವಿದ್ಯಾರ್ಥಿ ತಮಾಷೆಗೆ ಅದನ್ನ "ಬ್ರೆಜಿಲಿಯನ್ ಆರ್ಡ್‌ವಾರ್ಕ್" ಅಂತಲೂ ಕರೀತಾರೆ ಅಂತ ಇಂಗ್ಲಿಷ್ ಪುಟಕ್ಕೆ ಸೇರಿಸಿದ. ಅದನ್ನ ನೋಡಿ ಪತ್ರಿಕೆಗಳು ಬರೆದ್ವು, ಪುಸ್ತಕದಲ್ಲೂ ಬಂತು, ಆಮೇಲೆ ಆ ಪತ್ರಿಕೆಯನ್ನೇ ಉಲ್ಲೇಖವಾಗಿ ಪುಟಕ್ಕೆ ಹಾಕಿದ್ರು. ಸುಳ್ಳು ಒಂದು ಸುತ್ತು ಹಾಕಿ ಬಂದು ಸಾಕ್ಷಿ ಸಮೇತ ಕೂತ್ಕೊಳ್ತು. ನಿಮ್ಮ ದೊಡ್ಡಪ್ಪನ ತಪ್ಪು ಇಸವಿನೂ ಹೀಗೇ ಹುಟ್ಟಿರಬಹುದು, ಆ ಉಲ್ಲೇಖದ ಲೇಖನ ಪ್ರಕಟವಾದ ತಾರೀಕು ಮತ್ತು ಪುಟಕ್ಕೆ ಇಸವಿ ಮೊದಲು ಸೇರಿದ ತಾರೀಕು, ಎರಡನ್ನೂ ಇತಿಹಾಸದಲ್ಲಿ ಹೋಲಿಸಿ ನೋಡಿ. ಪುಟದ್ದೇ ಮೊದಲಾಗಿದ್ರೆ ನಿಮ್ಮ ವಾದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಇಲ್ಲ. ಎಐ ಹತ್ರ ಕೇಳಿ ಉಲ್ಲೇಖ ತಗೊಳ್ಳೋಕಂತೂ ಹೋಗ್ಲೇಬೇಡಿ, ಇಲ್ಲದ ಪುಸ್ತಕಕ್ಕೆ ಪುಟ ಸಂಖ್ಯೆ ಸಮೇತ ಕೊಡತ್ತೆ.

ದೊಡ್ಡಪ್ಪನ ಪುಟದ ಮಿಕ್ಕ ಭಾಗನೂ ನೀವೇ ಬೆಳೆಸ್ಬೇಕು ಅಂತ ಆಸೆ ಇರತ್ತೆ, ಅರ್ಥ ಆಗತ್ತೆ, ಆದ್ರೆ ಮನೆಯವರು ಬರೆದ್ರೆ "ಅಪ್ರತಿಮ", "ಮೇರು ಪ್ರತಿಭೆ" ಅಂತ ಕೈ ತಾನಾಗೇ ಬರೆದುಬಿಡತ್ತೆ. ಏನಾದ್ರೂ ಸೇರಿಸ್ಬೇಕು ಅಂದ್ರೆ ಚರ್ಚೆ ಪುಟದಲ್ಲಿ ಮೂಲ ಸಮೇತ ಕೇಳಿ, ಬೇರೆಯವರು ಹಾಕ್ಲಿ. ಫೋಟೋ ಮಾತ್ರ ಧಾರಾಳವಾಗಿ ನೀವೇ ಹಾಕಿ, ಅದಕ್ಕೆ ಯಾರೂ ತಕರಾರು ಮಾಡಲ್ಲ. ಕೈ ಪಳಗೋಕೆ ನಿಮಗೆ ಸಂಬಂಧ ಇಲ್ಲದ ಪುಟಗಳಲ್ಲಿ ಓಡಾಡಿ, ಕಾಗುಣಿತ ಸರಿ ಮಾಡಿ, ಸತ್ತು ಹೋದ ಲಿಂಕ್ ಬದಲಾಯಿಸಿ, ಉಲ್ಲೇಖ ಇಲ್ಲದ ಸಾಲಿಗೆ ಉಲ್ಲೇಖ ಹುಡುಕಿ. ಚಿತ್ರ ಇಲ್ಲದ ಹಕ್ಕಿ ಪುಟಕ್ಕೆ ನಿಮ್ಮ ಹಕ್ಕಿ ಹಾಕಿ, ಆದ್ರೆ ಈಗಾಗಲೇ ಒಳ್ಳೇ ಚಿತ್ರ ಇರೋ ಕಡೆ ಅದನ್ನ ತೆಗೆದು ನಿಮ್ಮದನ್ನ ಕೂರಿಸ್ಬೇಡಿ, ಒಂದೇ ಹಕ್ಕಿದು ಆರು ಫೋಟೋ ತುರುಕಬೇಡಿ, ಅಡಿಬರಹದಲ್ಲಿ ಗಂಡೋ ಹೆಣ್ಣೋ ಮರಿಯೋ ಬರೀರಿ. ವಿಕಿಡೇಟಾ ಅಂತ ಇನ್ನೊಂದು ಸೋದರ ಯೋಜನೆ ಇದೆ, ಅಲ್ಲಿ ಆ ಹಕ್ಕಿಯ ನಮೂದಿಗೆ ಚಿತ್ರ ಇಲ್ಲದಿದ್ರೆ ಅಲ್ಲೂ ಸೇರಿಸಿ, ಎಷ್ಟೋ ಭಾಷೆಯ ಪುಟಗಳು ಮಾಹಿತಿ ಪೆಟ್ಟಿಗೆಗೆ ಅಲ್ಲಿಂದಲೇ ಚಿತ್ರ ಎಳ್ಕೊಳ್ತಾವೆ, ನೀವು ಓದೋಕೆ ಬರದ ಲಿಪಿಯ ಪುಟದಲ್ಲಿ ನಿಮ್ಮ ಫೋಟೋ ಕಾಣಿಸ್ಕೊಂಡಾಗ ಆಗೋ ಖುಷಿನೇ ಬೇರೆ.

ಅಂದ ಹಾಗೆ, ನಿಮ್ಮ ಹಕ್ಕಿಗಳಲ್ಲಿ ಮೂರನೇದಕ್ಕೆ ಹದ್ದು ಅಂತ ಹೆಸರು ಕೊಟ್ಟಿದ್ದೀರಲ್ಲ, ದೊಡ್ಡದು ಮಾಡಿ ಬಾಲ ನೋಡಿ. ಹದ್ದಿಗೆ ಬಾಲದ ತುದಿ ಕವಲೊಡೆದಿರತ್ತೆ, ಇದರದ್ದು ದುಂಡಗಿದೆ. ಮೈ ಕಂದು ಇದೆ ಅಂತ ಮೋಸ ಹೋಗಿದ್ದೀರಿ, ನನಗೆ ಇದು ಇನ್ನೂ ಬಿಳಿ ತಲೆ ಬರದ ಎಳೇ ಗರುಡ ಅನ್ಸತ್ತೆ. ವಿವರಣೆಯಲ್ಲಿ ಹೆಸರು ನೀವೇ ತಿದ್ದಬಹುದು, ಫೈಲಿನ ಹೆಸರು ಬದಲಾಯಿಸೋಕೆ ಮಾತ್ರ ಮನವಿ ಹಾಕ್ಬೇಕು. ನಂದೂ ತಪ್ಪಿರಬಹುದು ಅನ್ಸಿದ್ರೆ "ಗುರುತಿಸದ ಹಕ್ಕಿಗಳು" ಅನ್ನೋ ವರ್ಗಕ್ಕೆ ಸೇರಿಸಿಬಿಡಿ, ರೆಕ್ಕೆ ಪುಕ್ಕ ನೋಡಿ ಹೆಸರು ಹೇಳೋಕೆ ಅಂತ್ಲೇ ಅಲ್ಲಿ ಓಡಾಡ್ತಿರೋ ಜನ ಇದ್ದಾರೆ.